ಒಂದ್ಸಲ ಆದ ಅನುಭವ ನಂಬಿ ದೇವರಿದಾನೆ ಅನ್ನಬಹುದಾ?

ನೀವು ಕೇಳಿರೋದು, ದೇವಸ್ಥಾನದಲ್ಲಿ ಒಂದ್ಸಲ ದೇವ್ರು ಪಕ್ಕದಲ್ಲೇ ಇದ್ದಂಗೆ ಅನ್ನಿಸ್ತು, ಅಷ್ಟನ್ನೇ ಇಟ್ಕೊಂಡು ನಂಬೋದು ಸರೀನಾ ಅಂತ. ನಂಗೂ ಇಂಥದ್ದೇ ಆಗಿತ್ತು, ಅದನ್ನೇ ಹೇಳ್ತೀನಿ.

ನಮ್ದು ಕೋಲಾರ. ಅಪ್ಪ ಐಸಿಯುನಲ್ಲಿದ್ರು, ನಂಗೆ ಎರಡು ರಾತ್ರಿ ನಿದ್ದೆ ಇಲ್ಲ, ಸರಿಯಾಗಿ ಊಟಾನೂ ಇಲ್ಲ, ಬೆಳಕು ಹರಿಯೋ ಹೊತ್ತಿಗೆ ಯಾಕೋ ಅಂತರಗಂಗೆ ಬೆಟ್ಟದಲ್ಲಿರೋ ಕಾಶಿ ವಿಶ್ವೇಶ್ವರ ದೇವಸ್ಥಾನಕ್ಕೆ ಮೆಟ್ಲು ಹತ್ಕೊಂಡು ಹೋಗ್ಬಿಟ್ಟೆ. ಅಲ್ಲಿ ಕಲ್ಲಿನ ಬಸವಣ್ಣನ ಬಾಯಿಂದ ನೀರು ಬೀಳುತ್ತಲ್ಲ, ಸಾವಿರ ಅಡಿ ಬೋರ್ ಕೊರೆಸಿದ್ರೂ ಬರೀ ಧೂಳೇ ಏಳೋ ಜಿಲ್ಲೇಲಿ ಆ ನೀರು ನೋಡಿದ್ರೇ ಒಂಥರಾ ಆಗುತ್ತೆ, ಅದಕ್ಕೆ ಕೈ ಒಡ್ಡಿದೆ, ತಣ್ಣಗಿತ್ತು, ಪಕ್ಕದ ಕಟ್ಟೆ ಮೇಲೆ ಒಂದು ಕೋತಿ ನನ್ನ ಜೇಬನ್ನೇ ನೋಡ್ತಾ ಕೂತಿತ್ತು. ಇದ್ದಕ್ಕಿದ್ದಂಗೆ ಯಾರೋ ಇದಾರೆ, ಇನ್ನೇನೂ ಭಯ ಇಲ್ಲ ಅನ್ನೋದು ಮೈಯೆಲ್ಲಾ ತುಂಬ್ಕೊಂಡ್ತು. ಎಷ್ಟು ಹೊತ್ತು ಅಳ್ತಿದ್ನೋ ಗೊತ್ತಿಲ್ಲ. ಕೆಳಗೆ ಬಂದು ಅಮ್ಮಂಗೆ ಅಪ್ಪ ಉಳ್ಕೋತಾರೆ ಅಂತ ಹೇಳಿದೆ.

ಹನ್ನೊಂದನೇ ದಿನ ಅಪ್ಪ ಹೋಗ್ಬಿಟ್ರು. ಪಕ್ಕದ ಬೆಡ್ಡಿನವರ ಮಗ ದರ್ಗಾಗೆ ಹೋಗಿ ಬಂದು ನನ್ನ ಥರಾನೇ ಮಾತಾಡಿದ್ದ, ಅವರಪ್ಪ ಡಿಸ್ಚಾರ್ಜ್ ಆಗಿ ನಡ್ಕೊಂಡು ಮನೆಗೆ ಹೋದ್ರು. ರಿಸಲ್ಟ್ ನೋಡಿ ಲೆಕ್ಕ ಹಾಕೋದಾದ್ರೆ ನಾನು ಅವತ್ತೇ ದರ್ಗಾ ಕಡೆ ತಿರುಗಬೇಕಿತ್ತು.

ಆಮೇಲೆ ಇದರ ಬಗ್ಗೆ ಒಂದಷ್ಟು ಓದಿದೆ. ರಿಚರ್ಡ್ ಸ್ವಿನ್‌ಬರ್ನ್ ಅಂತ ಒಬ್ರು ಫಿಲಾಸಫರ್ ಹೇಳೋದು, ಒಂದು ವಸ್ತು ಇದ್ದಂಗೆ ಕಂಡ್ರೆ, ಅನುಮಾನ ಪಡೋಕೆ ಬೇರೆ ಕಾರಣ ಇಲ್ದೇ ಇದ್ರೆ, ಇದೆ ಅಂತಲೇ ತಗೋಬೇಕು ಅಂತ. ನ್ಯಾಯವಾದ ಮಾತೇ, ಇಲ್ಲಾಂದ್ರೆ ಎದುರಿಗೆ ಬರೋ ಬಸ್ಸನ್ನೂ ನಂಬೋ ಹಂಗಿಲ್ಲ. ನನ್ನ ಕೇಸಲ್ಲಿ ಅನುಮಾನಕ್ಕೆ ಕಾರಣ ಇತ್ತು, ನಿದ್ದೆಗೆಟ್ಟಿದ್ದೆ, ಹಸಿದಿದ್ದೆ. ಆದ್ರೆ ಶಿವರಾತ್ರಿಲಿ ನಾವು ಬೇಕು ಅಂತಲೇ ಮಾಡೋದೂ ಅದನ್ನೇ ಅಲ್ವಾ, ಉಪವಾಸ, ಜಾಗರಣೆ? ಅದು ಮನಸ್ಸಿನ ಬಾಗಿಲು ತೆಗೆಯುತ್ತಾ ಇಲ್ಲಾ ತಲೆ ಕೆಡಿಸುತ್ತಾ ಅನ್ನೋದನ್ನ ಬರೀ ಅನುಭವ ನೋಡಿ ಹೇಳೋಕಾಗಲ್ಲ.

ನಮ್ಮ ಗೌರಿಬಿದನೂರು ಕಡೆ ಹೊಸೂರಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದ್ರು. ಗಾಳಿಯಿಂದ ವಿಭೂತಿ ತೆಗೀತೀನಿ ಅನ್ನೋರನ್ನ ಅಂಗಿ ತೋಳು ಮಡಚಿ ತೋರ್ಸಪ್ಪ ಅನ್ನಬಹುದು. ಬೆಟ್ಟದ ಮೇಲೆ ನಂಗಾಗಿದ್ದನ್ನ ಯಾವ ಸಮಿತಿ ಮುಂದೆ ಇಡ್ಲಿ? ಅದರಲ್ಲಿ ಪರೀಕ್ಷೆಗೆ ಸಿಗೋ ಮಾತು ಅಂತ ಇದ್ದಿದ್ದು ಒಂದೇ, ಅಪ್ಪ ಉಳ್ಕೋತಾರೆ ಅನ್ನೋದು, ಅದು ಫೇಲ್ ಆಯ್ತು.

ತುಂಬಾ ದಿನ ಆದ್ಮೇಲೆ ಹೊಳೀತು, ಆ ಮಾತು ಅಲ್ಲಿಂದ ಬಂದಿದ್ದೇ ಅಲ್ಲ. ಅಲ್ಲಿ ಮಾತೇ ಇರ್ಲಿಲ್ಲ, ಬರೀ ಭಯ ಹೋಯ್ತು ಅಷ್ಟೇ. ಅಪ್ಪ ಉಳೀತಾರೆ ಅಂತ ಸೇರಿಸ್ಕೊಂಡಿದ್ದು ನಾನು, ಅದು ಕಾಶಿ ವಿಶ್ವೇಶ್ವರ ಅಂತ ಹೆಸರಿಟ್ಟಿದ್ದು ನಮ್ಮನೆ ಅಭ್ಯಾಸ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಷ್ಟು ಹಿಂದೇನೇ ಬರೆದಿದ್ದು ಇದೇ, ಇಂಥ ಅನುಭವ ಆದವನಿಗೆ ಅದನ್ನ ನಂಬೋ ಹಕ್ಕಿದೆ, ಆದ್ರೆ ಪಕ್ಕದಲ್ಲಿರೋನು ಅದನ್ನ ಒಪ್ಲೇಬೇಕು ಅಂತೇನಿಲ್ಲ ಅಂತ. ನಾನು ಇನ್ನೂ ಒಂದು ಹೆಜ್ಜೆ ಹಿಂದಕ್ಕೇ ನಿಲ್ತೀನಿ, ಭಯ ಹೋಗಿದ್ದನ್ನ ನಂಬ್ತೀನಿ, ಯಾರು ಅದನ್ನ ಓಡಿಸಿದ್ದು ಅನ್ನೋದನ್ನ ಅದೊಂದರ ಮೇಲೆ ಹೇಳಲ್ಲ. ನಿಮಗೆ ಆಗಿದ್ದರಲ್ಲೂ ನಿಜವಾಗಿ ಅನ್ನಿಸಿದ್ದೇನು, ಆಮೇಲೆ ನೀವೇ ಸೇರಿಸಿದ್ದೇನು ಅಂತ ಒಂದ್ಸಲ ಬೇರೆ ಮಾಡಿ ನೋಡಿ, ಕಷ್ಟ ಇದೆ ಸ್ವಲ್ಪ.

ಅಮ್ಮ ಮಾತ್ರ ಇದನ್ನ ಒಪ್ಪಲ್ಲ. ದೇವ್ರು ಸರಿಯಾಗೇ ಹೇಳಿದ್ದ, ನಿಮ್ಮಪ್ಪಂಗೆ ನೋವು ತಪ್ಪಿಸ್ದ, ನಿಂಗೇ ಅರ್ಥ ಆಗ್ಲಿಲ್ಲ ಅಂತಾರೆ. ಅಪ್ಪ ಉಳ್ಕೊಂಡಿದ್ರೂ ಅದೇ ದೇವರನ್ನ ತೋರಿಸ್ತಿದ್ರಲ್ಲಮ್ಮಾ ಅಂತ ಬಾಯಿಗೆ ಬರುತ್ತೆ, ಇಲ್ಲೀವರ್ಗೂ ಅಂದಿಲ್ಲ. ಕಾರ್ತಿಕ ಸೋಮವಾರ ಬಂದ್ರೆ ಕರ್ಕೊಂಡು ಹೋಗ್ತೀನಿ, ಮೆಟ್ಲು ಹತ್ತೋಕೆ ಈಗ ಅವ್ರಿಗೆ ಮಂಡಿ ನೋವು.