ಶಾಲು ಸಾಕು, ಒಂದು ಮೇಜು ಕೊಡಿ

ವಿದ್ಯಾರಣ್ಯಪುರ ಕಡೆಯ ಬಡಾವಣೆಯೊಂದರ ನಿವಾಸಿಗಳ ಸಂಘದ ಕಾರ್ಯದರ್ಶಿಯವರು ಬರೆದ ಪತ್ರದ ಸಾರ ಇಷ್ಟು: ‘ನಮ್ಮಲ್ಲಿ ಮಾಜಿ ಸೈನಿಕರ ಸಂಘದ ಶಾಖೆಯೊಂದಿದೆ. ಆಗಸ್ಟ್ 15, ಜನವರಿ 26ರಂದು ಬಂದು ಧ್ವಜ ಹಾರಿಸಿ, ಶಾಲು ಹೊದಿಸಿಕೊಂಡು ಹೋಗುತ್ತಾರೆ. ಡಿಸೆಂಬರ್‌ನಲ್ಲಿ ಡಬ್ಬಿ ಹಿಡಿದು ಬರುತ್ತಾರೆ. ಆ ಹಣದ ಲೆಕ್ಕ ಕೇಳಿದರೆ ಅವಮಾನ ಮಾಡಿದಂತಾಗುತ್ತದೆಯೇ? ವರ್ಷವಿಡೀ ಅವರನ್ನು ಬಡಾವಣೆಯ ಕೆಲಸದಲ್ಲಿ ಸೇರಿಸಿಕೊಳ್ಳುವುದು ಹೇಗೆ? ಕಳೆದ ಆಗಸ್ಟ್‌ನಲ್ಲಿ ಹಗ್ಗ ಎಳೆದರೂ ಧ್ವಜ ಬಿಚ್ಚಿಕೊಳ್ಳಲಿಲ್ಲ, ಎಲ್ಲರಿಗೂ ಮುಜುಗರವಾಯಿತು.’

ಕಾರ್ಯದರ್ಶಿಗಳೇ,

ಲೆಕ್ಕ ಕೇಳಿ. ಮಿಲಿಟರಿಯಲ್ಲಿ ಇದ್ದು ಬಂದವರಿಗೆ ಲೆಕ್ಕ ಒಪ್ಪಿಸುವುದು ಹೊಸದಲ್ಲ. ಕೇಳದೆ ಬೆನ್ನ ಹಿಂದೆ ಆಡಿಕೊಳ್ಳುವುದೇ ಅವಮಾನ. ಆದರೆ ಮೊದಲು ಅದು ಯಾವ ಡಬ್ಬಿ ಎಂದು ನೋಡಿ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ, 1949ರಿಂದ ನಡೆದು ಬಂದದ್ದು. ಅಂದು ಕೊಡುವ ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟಿಯ ಪುಟ್ಟ ಧ್ವಜ ಮೂರೂ ಪಡೆಗಳದ್ದು. ಅದು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಬರುತ್ತದೆ. ಸೇರಿದ ಹಣ ಧ್ವಜ ದಿನ ನಿಧಿಗೇ ಹೋಗಬೇಕು. ಶಾಖೆಯವರು ತಮ್ಮ ಸದಸ್ಯರ ಕಷ್ಟಸುಖಕ್ಕೆಂದು ಎತ್ತುವ ಹಣ ಬೇರೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಿದಲ್ಲೇ ಜಗಳ ಹುಟ್ಟುವುದು. ಎರಡು ಡಬ್ಬಿ, ಎರಡು ರಸೀದಿ ಪುಸ್ತಕ ಇಡಿಸಿ. ಡಬ್ಬಿ ಒಡೆಯುವಾಗ ನಿಮ್ಮ ಸಂಘದ ಒಬ್ಬರು ಪಕ್ಕದಲ್ಲಿ ಕೂತು ಎಣಿಸಿ ಸಹಿ ಹಾಕಲಿ, ವಾರದೊಳಗೆ ಮೊತ್ತ ನೋಟಿಸ್ ಬೋರ್ಡಿಗೆ ಬರಲಿ. ಕ್ಯೂಆರ್ ಕೋಡ್ ಹಿಡಿದು ಬಂದರೆ, ದುಡ್ಡು ಕಳಿಸುವ ಮುಂಚೆ ಪರದೆಯ ಮೇಲೆ ಬರುವ ಹೆಸರು ನೋಡಿ. ವ್ಯಕ್ತಿಯ ಹೆಸರು ಬಂದರೆ, ಅವರು ಎಷ್ಟೇ ಗೌರವಸ್ಥರಿರಲಿ, ಕಳಿಸಬೇಡಿ.

ಇನ್ನು ವರ್ಷವಿಡೀ ಏನು ಎಂಬ ಪ್ರಶ್ನೆ. ಆರೋಗ್ಯ ಶಿಬಿರ, ಗಿಡ ನೆಡುವುದು, ರಕ್ತದಾನ ಎಲ್ಲವೂ ಸರಿಯೇ, ಮಾಡಲಿ. ಆದರೆ ಅವನ್ನು ರೋಟರಿಯವರೂ ಮಾಡುತ್ತಾರೆ, ದೇವಸ್ಥಾನದ ಸಮಿತಿಯೂ ಮಾಡುತ್ತದೆ. ಈ ಶಾಖೆಯವರಿಂದ ಮಾತ್ರ ಆಗುವ ಕೆಲಸ ಒಂದಿದೆ: ನಿಮ್ಮ ಬಡಾವಣೆಯಲ್ಲೇ ಇರುವ ಸೈನಿಕರ ವಿಧವೆಯರ ಮತ್ತು ವಯಸ್ಸಾದ ಮಾಜಿ ಸೈನಿಕರ ಕಾಗದಪತ್ರ. ಅದಕ್ಕೆ ಬೇಕಾದದ್ದು ನಿಮ್ಮ ಸಮುದಾಯ ಭವನದಲ್ಲಿ ತಿಂಗಳಿಗೊಂದು ಭಾನುವಾರ, ಬೆಳಿಗ್ಗೆ 10ರಿಂದ 12.30ರವರೆಗೆ ಒಂದು ಮೇಜು. ದಿನ ಬದಲಾಗಬಾರದು. ‘ಫೋನ್ ಮಾಡಿ ಬನ್ನಿ’ ಎಂದರೆ ಅಜ್ಜಿಯರು ಬರುವುದಿಲ್ಲ. ‘ಮೊದಲನೇ ಭಾನುವಾರ’ ಎಂದರೆ ನೆನಪಿಟ್ಟುಕೊಂಡು ಬರುತ್ತಾರೆ. ಮೇಜಿನ ಹಿಂದೆ ಮೂವರು ಸಾಕು. ಪಲ್ಟನ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವರೊಬ್ಬರು (ಶಾಖೆಯಲ್ಲಿ ಅವರೇ ನಿಜವಾದ ಆಸ್ತಿ), ಲ್ಯಾಪ್‌ಟಾಪ್ ಬಲ್ಲ ನಿಮ್ಮ ಕಡೆಯ ಹುಡುಗಿಯೋ ಹುಡುಗನೋ ಒಬ್ಬರು, ಮತ್ತು ಸುಮ್ಮನೆ ಕೂತು ಕೇಳಿಸಿಕೊಳ್ಳುವ ಹೆಂಗಸರೊಬ್ಬರು. ಮೂರನೆಯವರಿಲ್ಲದಿದ್ದರೆ ಅರ್ಧ ವಿಷಯ ಹೊರಗೇ ಬರುವುದಿಲ್ಲ.

ಮೇಜಿಗೆ ಬರುವ ತೊಂದರೆಗಳಲ್ಲಿ ಬಹುಪಾಲು ಹೆಸರಿನದ್ದು. ಉದಾಹರಣೆಗೆ, ಹಾಸನದ ಕಡೆಯ ಒಬ್ಬ ಸೈನಿಕ 1978ರಲ್ಲಿ ಮದುವೆಯಾಗಿ ಹೆಂಡತಿಯ ಹೆಸರನ್ನು ಘಟಕದಲ್ಲಿ ಬರೆಸಿದ್ದಾನೆ ಎಂದಿಟ್ಟುಕೊಳ್ಳಿ. ಹಿಂದಿ ಮಾತಾಡುವ ಕ್ಲರ್ಕ್ ಕಿವಿಗೆ ಬಿದ್ದಂತೆ ‘ಜೈಮ್ಮಾ’ ಎಂದು ಬರೆದುಕೊಂಡ. ಪಿಂಚಣಿ ಆದೇಶದಲ್ಲೂ, ಅಂದರೆ ಪಿಪಿಒದಲ್ಲೂ, ಅದೇ ಇಳಿಯಿತು. ಆಧಾರ್‌ನಲ್ಲಿ ‘ಜಯಮ್ಮ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರೂ ಸೇರಿ ‘ಜಯಮ್ಮ ರಂಗಪ್ಪ’, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು ಮುಂದೆ. ನಾಲ್ಕೂ ಒಬ್ಬಳೇ ಎಂದು ಓಣಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹುಟ್ಟಿದ ತಾರೀಖು ಒಂದರಲ್ಲಿ ಜನವರಿ 1, ಇನ್ನೊಂದರಲ್ಲಿ ಬರೀ ಇಸವಿ. ಗಂಡ ಬದುಕಿದ್ದಾಗಲೇ ಸರಿಪಡಿಸಿದರೆ ಅವರ ಸಹಿಯ ಅರ್ಜಿ, ಅಫಿಡವಿಟ್, ಆಧಾರ್ ಪ್ರತಿ ಇಟ್ಟು, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಕಳಿಸುವಷ್ಟಕ್ಕೆ ಮುಗಿಯುತ್ತದೆ. ಅವರು ತೀರಿಕೊಂಡ ಮೇಲೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಅಲೆದಾಟ. ಆದ್ದರಿಂದ ಶಾಖೆಯವರು ಮೊದಲ ವರ್ಷ ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಪ್ರತಿ ಸದಸ್ಯನ ಪಿಪಿಒ ಮತ್ತು ಹೆಂಡತಿಯ ಆಧಾರ್ ಎರಡನ್ನೂ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಲಿ.

ರೆಕಾರ್ಡ್ ಆಫೀಸ್ ಎಲ್ಲಿದೆ ಎಂಬುದು ಸೇವೆ ಸಲ್ಲಿಸಿದ ದಳದ ಮೇಲೆ ಹೋಗುತ್ತದೆ. ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರದ್ದು ಬೆಂಗಳೂರಿನಲ್ಲೇ. ಮರಾಠಾ ಲಘು ಪದಾತಿ ದಳದ್ದು ಬೆಳಗಾವಿ, ಆರ್ಟಿಲರಿಯದ್ದು ನಾಸಿಕ್, ಸಿಗ್ನಲ್ಸ್‌ನದ್ದು ಜಬಲ್‌ಪುರ. ಎಲ್ಲಿಗೆ ಬರೆದರೂ ಮೊದಲ ಸಾಲಿನಲ್ಲಿ ಸೇವಾ ಸಂಖ್ಯೆ, ದರ್ಜೆ, ಹೆಸರು ಇರಲೇಬೇಕು. ಸೇವಾ ಸಂಖ್ಯೆ ಇಲ್ಲದ ಅರ್ಜಿ ದಾರದಿಂದ ಬಿದ್ದ ಮಣಿ ಇದ್ದಂತೆ, ಯಾವ ಮೂಲೆ ಸೇರಿತೆಂದು ಹೇಳಲಾಗದು.

ಪಿಂಚಣಿದಾರರು ತೀರಿಕೊಂಡಾಗ ಮನೆಯವರು ಮಾಡುವ ಎರಡು ತಪ್ಪುಗಳನ್ನು ಮೇಜಿನವರು ತಡೆಯಬಹುದು. ಒಂದು, ಸುದ್ದಿ ಮುಟ್ಟಿಸದೆ ಸುಮ್ಮನಿರುವುದು. ತೀರಿಕೊಂಡ ಮೇಲೆ ಖಾತೆಗೆ ಬಿದ್ದ ಪಿಂಚಣಿಯನ್ನು ಆಮೇಲೆ ಕುಟುಂಬ ಪಿಂಚಣಿಯಿಂದಲೇ ಹಿಡಿದುಕೊಳ್ಳುತ್ತಾರೆ, ಆಗ ಬರುವುದೇ ಕೈಗೆ ಸಿಗದಂತಾಗುತ್ತದೆ. ಎರಡು, ಅವರ ಮೊಬೈಲ್ ಸಿಮ್ಮನ್ನು ಬಿಟ್ಟುಬಿಡುವುದು. ಪಿಂಚಣಿಯ ‘ಸ್ಪರ್ಶ್’ ವ್ಯವಸ್ಥೆಯಲ್ಲಿ ಅವರ ನಂಬರೇ ಇದ್ದರೆ ಒಟಿಪಿ ಅದಕ್ಕೇ ಹೋಗುತ್ತದೆ. ರೀಚಾರ್ಜ್ ನಿಂತು ನಂಬರ್ ಬೇರೆಯವರಿಗೆ ಹೋದರೆ ಬಾಗಿಲೇ ಮುಚ್ಚಿದಂತೆ. ಹೆಂಡತಿಯ ನಂಬರ್ ದಾಖಲಾಗುವ ತನಕ ಆ ಸಿಮ್ ಜೀವಂತ ಇರಲಿ. ಮರಣ ಪತ್ರದ ಐದಾರು ಪ್ರತಿ ತೆಗೆಸಿಡಿ. ನಿವೃತ್ತಿಯ ನಂತರವೂ ಕೆಲವು ವರ್ಷ ನಡೆಯುವ ಸೇನಾ ಗುಂಪು ವಿಮೆ ಇತ್ತೇ ಎಂದು ಕೇಳಿ. ಎಷ್ಟೋ ಮನೆಗಳಲ್ಲಿ ಇದರ ಸುಳಿವೇ ಇರುವುದಿಲ್ಲ.

ವರ್ಷಕ್ಕೊಮ್ಮೆ ಕೊಡುವ ಜೀವಂತ ಪ್ರಮಾಣಪತ್ರದಲ್ಲಿ ಬೆರಳಚ್ಚು ಕೈಕೊಡುವುದು ಸಾಮಾನ್ಯ. ದುಡಿದ ಕೈ, ರೇಖೆ ಸವೆದಿರುತ್ತದೆ. ಫೋನಿನಲ್ಲಿ ಮುಖ ತೋರಿಸಿ ಮಾಡುವ ಜೀವನ್ ಪ್ರಮಾಣ್ ಇದೆ. ಕಿಟಕಿಗೆ ಬೆನ್ನು ಹಾಕಿ ಕೂರಿಸಬೇಡಿ, ಬೆಳಕು ಮುಖದ ಮೇಲೆ ಬೀಳಬೇಕು. ಕಣ್ಣು ಮಿಟುಕಿಸಲು ಮೊದಲೇ ಹೇಳಿಕೊಡಿ. ಒಟಿಪಿಯನ್ನು ಅವರ ಫೋನಿನಲ್ಲಿ ಅವರೇ ಓದಿ ಹೇಳಲಿ. ಅಸಲಿ ಕಾಗದ ಒಂದನ್ನೂ ಮೇಜಿನವರು ಇಟ್ಟುಕೊಳ್ಳಬಾರದು. ಪ್ರತಿ ತೆಗೆದು ಅಲ್ಲೇ ವಾಪಸ್ ಕೊಡಬೇಕು.

ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಕಾರ್ಡ್ ಇರುವವರಿಗೆ ಒಂದೇ ಒಂದು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ತುರ್ತಿನಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಆ ಯೋಜನೆಯ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಆತಂಕದಲ್ಲಿ ಮರೆತುಹೋಗುವುದು ಇದೇ, ಬಿಲ್ ಸಿಕ್ಕಿಹಾಕಿಕೊಳ್ಳುವುದೂ ಇಲ್ಲೇ.

ಪಿಂಚಣಿಯೇ ಇಲ್ಲದೆ ಹೊರಬಂದ ಮಾಜಿ ಸೈನಿಕರೂ ಇದ್ದಾರೆ. ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ದರ್ಜೆಯವರು, 65 ದಾಟಿದ್ದರೆ, ಕೇಂದ್ರೀಯ ಸೈನಿಕ ಮಂಡಳಿಯಿಂದ ಮಾಸಿಕ ನೆರವು ಕೇಳಬಹುದು. ಅದು ತಿಂಗಳಿಗೆ 4,000 ಇದ್ದದ್ದು, 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ರೂಪಾಯಿ ಆಗಿದೆ. ಇವರು ಸಭೆಗೆ ಬರುವುದಿಲ್ಲ, ಶಾಲಿಗೂ ಸಿಗುವುದಿಲ್ಲ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ರಾತ್ರಿ ಪಾಳಿ ಮಾಡುತ್ತಿರುವ ಅಜ್ಜನನ್ನು ಒಮ್ಮೆ ಕೇಳಿ ನೋಡಿ. ಗೇಟಿನ ಮಾತು ಬಂದಿದ್ದರಿಂದ ಇದನ್ನೂ ಹೇಳುತ್ತೇವೆ: ಶಾಖೆಯವರನ್ನು ‘ನಾಲ್ಕು ಸೆಕ್ಯುರಿಟಿ ಕಳಿಸಿ’ ಎಂದು ಕೇಳಬೇಡಿ. ಕಾವಲುಗಾರರನ್ನು ಒದಗಿಸಲು 2005ರ ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ಏಜೆನ್ಸಿ ಬೇಕು, ಸೇವಾ ಸಂಘ ಅದಲ್ಲ.

ಧ್ವಜದ ವಿಷಯ. ಬಿಚ್ಚಿಕೊಳ್ಳದಿರಲು ಕಾರಣ ಸಾಮಾನ್ಯವಾಗಿ ಗಂಟು, ಹೂವು, ಇಲ್ಲವೇ ರಾಟೆ. ಹಿಂದಿನ ರಾತ್ರಿಯೇ ಕಟ್ಟಿಟ್ಟು ಮಳೆಗೆ ಬಿಟ್ಟರೆ ಹತ್ತಿ ಹಗ್ಗ ಉಬ್ಬಿ ಗಂಟು ಕಚ್ಚಿಕೊಳ್ಳುತ್ತದೆ. ಹೊಸ ನೈಲಾನ್ ಹಗ್ಗವಾದರೆ ಮೊದಲೇ ಜಾರಿಬಿಡುತ್ತದೆ. ಬೆಳಿಗ್ಗೆಯೇ ಕಟ್ಟಿ, ಜಾರುಗಂಟು ಒಂದೇ ಸುತ್ತು ಇರಲಿ, ಎಳೆದರೆ ಬಿಚ್ಚುವ ಎಳೆ ಯಾವುದೆಂದು ಕಟ್ಟಿದವರೇ ಹಗ್ಗ ಹಿಡಿಯುವವರ ಕೈಗೆ ಕೊಡಲಿ. ಒಳಗೆ ಇಡೀ ಚೆಂಡುಹೂ ತುಂಬಬೇಡಿ, ಬಿಡಿಸಿದ ಎಸಳು ಒಂದು ಹಿಡಿ ಸಾಕು. ಮಡಚಿದ ಮೇಲೆ ಕೇಸರಿ ಯಾವ ತುದಿ ಎಂದು ಕಾಣುವುದಿಲ್ಲ, ತಲೆಕೆಳಗಾಗುವುದು ಹೀಗೆಯೇ; ಕೇಸರಿ ಕಡೆಯ ಹಗ್ಗಕ್ಕೆ ಒಂದು ಕೆಂಪು ದಾರ ಸುತ್ತಿಡಿ. ಹಿಂದಿನ ಸಂಜೆ ರಾಟೆಗೆ ಎರಡು ಹನಿ ಎಣ್ಣೆ ಬಿಟ್ಟು, ಹಳೆಯ ಟವೆಲ್ ಕಟ್ಟಿ ಎರಡು ಸಲ ಎಳೆದು ನೋಡಿ. ಬಡಾವಣೆಯ ಕಂಬಕ್ಕೆ 900×600 ಅಥವಾ 1350×900 ಮಿಲಿಮೀಟರ್ ಅಳತೆ ಹೊಂದುತ್ತದೆ. 2021ರ ಡಿಸೆಂಬರ್‌ನಿಂದ ಪಾಲಿಯೆಸ್ಟರ್‌ಗೂ ಅವಕಾಶವಿದೆ, ಆದರೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಧ್ವಜ ಕೈಗೆ ಸಿಗುವಾಗ ಅದೇಕೆ? ಏರಿಸುವಾಗ ಚುರುಕು, ಇಳಿಸುವಾಗ ನಿಧಾನ.

ಬರುವ ಜನವರಿ 14 ಮಾಜಿ ಸೈನಿಕರ ದಿನ. ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ದಿನ ಅದು. ಅಂದೇ ಮೇಜನ್ನು ಶುರು ಮಾಡಿ. ಶಾಲಿಗೆಂದು ತೆಗೆದಿಟ್ಟ ಹಣದಲ್ಲಿ ಸ್ಕ್ಯಾನರ್ ಇರುವ ಒಂದು ಪ್ರಿಂಟರ್, ಒಂದು ರಿಜಿಸ್ಟರ್, ಒಂದು ಭೂತಗನ್ನಡಿ ಕೊಡಿಸಿ. ಕುರ್ಚಿಗಳಿಗೆ ಕೈ ಇರಲಿ, ಬರುವವರು ಹಿಡಿದುಕೊಂಡೇ ಏಳಬೇಕು.

ಸಂಪಾದಕ