ಬಲೆ ತುಂಬಿದರೆ ಕಡಲೂ ತುಂಬಿದೆಯೇ?

ಪ್ರಶ್ನೆ: ದೋಣಿಗಳು ವರ್ಷ ವರ್ಷವೂ ಅಷ್ಟೇ ಮೀನು ತರುತ್ತಿದ್ದರೂ ಆ ಮೀನಿನ ಸಂತತಿ ಕ್ಷೀಣಿಸುತ್ತಿದೆ ಎಂದು ತಜ್ಞರು ಹೇಳುವುದು ಯಾವ ಆಧಾರದ ಮೇಲೆ?

ಉತ್ತರ: ದಡಕ್ಕೆ ಬಂದ ಮೀನಿನ ತೂಕವನ್ನಷ್ಟೇ ನೋಡಿದರೆ ಮೋಸಹೋಗುತ್ತೇವೆ. ಬಲೆ ಎಳೆದ ಪ್ರತಿ ಗಂಟೆಗೆ ಎಷ್ಟು ಕಿಲೊ ಸಿಕ್ಕಿತು ಎಂದು ಕೇಳಬೇಕು. ಅದನ್ನೂ ಪೂರ್ತಿ ನಂಬುವಂತಿಲ್ಲ. ಸಂಖ್ಯೆ ಕುಸಿದಾಗಲೂ ಕೆಲವು ಮೀನುಗಳು ಒಂದೆಡೆ ಗುಂಪುಗೂಡುತ್ತವೆ, ದೋಣಿಗಳು ಸದ್ದಿನ ಅಲೆಯಿಂದ ಮೀನಿನ ಗುಂಪು ಪತ್ತೆಹಚ್ಚುವ ಸೋನಾರ್ ನೋಡಿಕೊಂಡು ನೇರ ಅಲ್ಲಿಗೇ ಹೋಗುತ್ತವೆ, ಬಲೆ ಮೊದಲಿನಂತೆಯೇ ತುಂಬುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ದೋಣಿಗಳ ಅಂಕಿಯನ್ನು ಅತಿಯಾಗಿ ನೆಚ್ಚಿ ಕಾಡ್ ಮೀನು ಹೇರಳವಾಗಿದೆ ಎಂದುಕೊಂಡಿದ್ದರು. 1992ರ ಜುಲೈನಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು.

ಆದ್ದರಿಂದಲೇ ಸಮೀಕ್ಷಾ ಹಡಗು ಮೀನನ್ನು ಹುಡುಕಿಕೊಂಡು ಹೋಗುವುದಿಲ್ಲ. ಚೀಟಿ ಎತ್ತಿದಂತೆ ಆರಿಸಿದ ಜಾಗಗಳಲ್ಲಿ, ಪ್ರತಿ ವರ್ಷ ಅದೇ ಋತುವಿನಲ್ಲಿ, ಅದೇ ಬಲೆಯನ್ನು ಅಷ್ಟೇ ಹೊತ್ತು ಎಳೆಯುತ್ತದೆ. ಬಲೆ ಖಾಲಿ ಬಂದರೆ ಅದನ್ನೂ ಬರೆದಿಡಲೇಬೇಕು.

ಇನ್ನು ವಯಸ್ಸು. ಮೀನಿನ ತಲೆಯೊಳಗೆ ಒಟೊಲಿತ್ ಎಂಬ ಸುಣ್ಣದ ಹರಳಿರುತ್ತದೆ. ಅದನ್ನು ಅಡ್ಡ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಕಾಂಡದಲ್ಲಿರುವಂಥ ಉಂಗುರಗಳು ಕಾಣುತ್ತವೆ. ಇಬ್ಬರು ಬೇರೆಬೇರೆಯಾಗಿ ಎಣಿಸಿ ತಾಳೆ ನೋಡಬೇಕು. 4 ವರ್ಷದವು 1000, 5 ವರ್ಷದವು 500, 6 ವರ್ಷದವು 250 ಸಿಕ್ಕವು ಎನ್ನಿ. ವರ್ಷಕ್ಕೆ ಅರ್ಧಕ್ಕರ್ಧ ಸಾಯುತ್ತಿವೆ. ಈ ಅರ್ಧವನ್ನೇ ತಜ್ಞರು ಬಳಸುವ ಸ್ವಾಭಾವಿಕ ಲಾಗರಿದಮ್ ಲೆಕ್ಕಕ್ಕೆ ತಂದರೆ (2ರ ಲಾಗರಿದಮ್) ಒಟ್ಟು ಸಾವಿನ ದರ 0.69. ಸಹಜ ಸಾವು 0.2 ಎಂದಿಟ್ಟುಕೊಂಡರೆ ಉಳಿದ 0.49 ಬಲೆಯ ಪಾಲು, ಅಂದರೆ ಸತ್ತ ಹತ್ತರಲ್ಲಿ ಏಳು. ಒಟ್ಟು ಸಾವಿನಲ್ಲಿ ಬಲೆಯ ಪಾಲು ಅರ್ಧ ದಾಟಿದರೆ ಮೀನುಗಾರಿಕೆ ಅತಿಯಾಗಿದೆ ಎಂಬುದು ಹಳೆಯ ಸ್ಥೂಲ ಅಳತೆ. ಎಡವುವುದು ಆ 0.2ರಲ್ಲೇ! ಕಡಲೊಳಗೆ ತಾನಾಗಿ ಸತ್ತ ಮೀನನ್ನು ಎಣಿಸುವವರಾರು? ಅದನ್ನು 0.4 ಎಂದುಬಿಟ್ಟರೆ ಬಲೆಯ ಪಾಲು 0.29ಕ್ಕೆ, ಅಂದರೆ ಅರ್ಧಕ್ಕಿಂತ ಕೆಳಗೆ ಇಳಿದು, ಅದೇ ಮೀನು ಸುರಕ್ಷಿತವೆಂದು ಕಾಣುತ್ತದೆ. ಯಾವುದೇ ವರದಿ ಕೈಗೆ ಬಂದರೂ ಮೊದಲು ಈ ಅಂಕಿಯನ್ನು ಹುಡುಕಿ.

ಪ್ರಶ್ನೆ: ಹಡಗು, ಪ್ರಯೋಗಾಲಯ ಎರಡೂ ಇಲ್ಲದ ಕಡೆ?

ಉತ್ತರ: ಉದ್ದ ಅಳೆಯುವ ಹಲಗೆಯೊಂದಿದ್ದರೂ ಬಹಳಷ್ಟು ತಿಳಿಯುತ್ತದೆ. ದೊಡ್ಡದು, ಚಿಕ್ಕದು ಎಂದು ವಿಂಗಡಿಸುವ ಮೊದಲೇ ಅಳೆಯಿರಿ. ಮೂತಿಯಿಂದ ಬಾಲದ ಕವಲಿಗೋ ತುದಿಗೋ, ಒಂದೇ ಕ್ರಮವಿರಲಿ. ಬೆರೆಸಿದರೆ ಲೆಕ್ಕ ಕೆಡುತ್ತದೆ. ಹೊಟ್ಟೆ ಸೀಳಿ, ಯಾವ ಉದ್ದದಲ್ಲಿ ಅರ್ಧದಷ್ಟು ಮೀನು ಪ್ರೌಢವಾಗಿವೆ ಎಂದು ಗುರುತಿಸಿ. ಸಿಕ್ಕವುಗಳಲ್ಲಿ ಹೆಚ್ಚಿನವು ಅದಕ್ಕಿಂತ ಚಿಕ್ಕವಾದರೆ ಒಮ್ಮೆಯೂ ಮೊಟ್ಟೆಯಿಡದೆ ಸಾಯುತ್ತಿವೆ. ಸರಾಸರಿ ಉದ್ದ ಇಳಿದ ಮಾತ್ರಕ್ಕೆ ಗಾಬರಿ ಬೇಡ, ಮರಿಗಳು ಹುಲುಸಾಗಿ ಬಂದ ವರ್ಷವೂ ಹಾಗಾಗುತ್ತದೆ. ದೊಡ್ಡ ಮೀನು ಮೊದಲಿನಷ್ಟೇ ಸಿಗುತ್ತಿವೆಯೇ ನೋಡಿ.