ಶಿಫ್ಟ್ ಮುಗಿದ ಮೇಲೆ ಕಡ್ಡಾಯ ಧ್ಯಾನ ಅಂದ್ರೆ ಗೊಣಗದೆ ಇರುತ್ತಾರಾ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಎಚ್‌.ಆರ್‌. ವಿಭಾಗದಲ್ಲಿದ್ದೇನೆ. ಮೂರು ಶಿಫ್ಟ್ ನಡೆಯುತ್ತದೆ. ಲೈನಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಕಂಪನಿ ಬಸ್ಸಿನಲ್ಲಿ ಬರುತ್ತಾರೆ. ಇತ್ತೀಚೆಗೆ ರಜೆ ಹಾಕುವವರು, ಕೆಲಸ ಬಿಡುವವರು ಹೆಚ್ಚಿದ್ದಾರೆ. ಅದಕ್ಕೆ ಮ್ಯಾನೇಜ್‌ಮೆಂಟ್‌ನವರು ಶಿಫ್ಟ್ ಮುಗಿದ ಮೇಲೆ ಅರ್ಧ ಗಂಟೆ ಧ್ಯಾನ, ಎಲ್ಲರಿಗೂ ಕಡ್ಡಾಯ ಎಂದು ಹೇಳಿದ್ದಾರೆ. ಮೊದಲ ವಾರ ಸುಮ್ಮನೆ ಕೂತರು, ಈಗ ಗೊಣಗುತ್ತಿದ್ದಾರೆ. ಇದರಿಂದ ನಿಜವಾಗಿ ಉಪಯೋಗ ಇದೆಯಾ?

ಉತ್ತರ: ಗೊಣಗದೆ ಇನ್ನೇನು ಮಾಡುತ್ತಾರೆ ಹೇಳಿ. ಬೆಳಗ್ಗೆ ಆರರ ಶಿಫ್ಟಿಗೆ ಮುಳಬಾಗಿಲು ಕಡೆಯ ಹಳ್ಳಿಯಿಂದ ಬರಬೇಕಾದರೆ ನಾಲ್ಕಕ್ಕೆಲ್ಲ ಎದ್ದಿರಬೇಕು. ಎಂಟು ಗಂಟೆ ನಿಂತು ಕೆಲಸ ಮಾಡಿ, ಮನೆಗೆ ಹೋಗಿ ಹಸುವಿಗೆ ಮೇವು ಹಾಕಿ, ಹಾಲು ಕರೆದು ಡೇರಿಗೆ ಕೊಟ್ಟು, ಆಮೇಲೆ ಅಡುಗೆಗೆ ನಿಲ್ಲುವವರನ್ನು ಹಿಡಿದು ಕೂರಿಸಿ ಕಣ್ಣು ಮುಚ್ಚಿ ಅಂದರೆ, ಅವರ ಲೆಕ್ಕದಲ್ಲಿ ಅದು ಸಂಬಳ ಇಲ್ಲದ ಓ.ಟಿ.

ಧ್ಯಾನದಿಂದ ಉಪಯೋಗ ಇದೆ. ಆದರೆ ಎಷ್ಟು ಅಂತ ತಿಳಿದುಕೊಂಡು ಮಾಡಿ. ಈಗ ಕಂಪನಿಗಳಲ್ಲಿ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಉಸಿರು, ಮೈ, ಮನಸ್ಸನ್ನು ಸುಮ್ಮನೆ ಗಮನಿಸುವ ಧ್ಯಾನ) ಅಂತ ಹೇಳಿಕೊಡುವುದರಲ್ಲಿ ಬಹಳಷ್ಟು, ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಶುರು ಮಾಡಿದ ಕೋರ್ಸಿನಿಂದ ಬಂದದ್ದು. ಅದು ಎಂಟು ವಾರದ್ದು, ವಾರಕ್ಕೆ ಒಂದು ತರಗತಿ, ಜೊತೆಗೆ ಮನೆಯಲ್ಲಿ ದಿನಾ ಅಭ್ಯಾಸ. ಮನಸ್ಸಿಟ್ಟು ಮಾಡಿದವರಿಗೆ ಒತ್ತಡ, ಆತಂಕ ಒಂದಿಷ್ಟು ಕಡಿಮೆಯಾಗುತ್ತದೆ. ಅದಕ್ಕೆ ಆಧಾರ ಇದೆ.

ಕಂಪನಿಗಳು ನಡೆಸುವ ಕಾರ್ಯಕ್ರಮಗಳ ಕಥೆ ಸ್ವಲ್ಪ ಬೇರೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 46,336 ಉದ್ಯೋಗಿಗಳ ಸಮೀಕ್ಷೆಯ ಮಾಹಿತಿ ನೋಡಿ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೈಂಡ್‌ಫುಲ್‌ನೆಸ್ ತರಗತಿ, ಒತ್ತಡ ನಿಭಾಯಿಸುವ ತರಬೇತಿ, ಮೊಬೈಲ್ ಆ್ಯಪ್ ಇತ್ಯಾದಿಗಳಲ್ಲಿ ಸೇರಿದವರಿಗೂ ಸೇರದವರಿಗೂ ನೆಮ್ಮದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ಹೊತ್ತಿನ ಚಿತ್ರ ತೆಗೆದ ಅಧ್ಯಯನ ಅದು, ಅದನ್ನೇ ಕೊನೆ ಮಾತು ಅನ್ನಬೇಡಿ. ಆದರೂ ನಿಮ್ಮ ಮ್ಯಾನೇಜ್‌ಮೆಂಟ್‌ನವರಿಗೆ ತೋರಿಸಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಧ್ಯಾನದಂಥವುಗಳ ಜೊತೆಗೆ ಕೆಲಸದ ಹೊರೆ, ವೇಳೆ ಸರಿಮಾಡುವುದು, ಮೇಲ್ವಿಚಾರಕರಿಗೆ ತರಬೇತಿ ಕೊಡುವುದು ಎಲ್ಲ ಇದೆ. ನಮ್ಮಲ್ಲಿ ಆ ಭಾಗ ಬಿಟ್ಟು ಯೋಗದ ಮ್ಯಾಟ್ ಮಾತ್ರ ತರಿಸುತ್ತಾರೆ, ಅದು ಅಗ್ಗ ಅಲ್ವಾ!

ಹೇಗೆ ಮಾಡಬಹುದು ಅಂತ ಹೇಳುತ್ತೇನೆ. ಅರ್ಧ ಗಂಟೆ ಬೇಡ, ಐದಾರು ನಿಮಿಷ ಸಾಕು. ಶಿಫ್ಟ್ ಶುರುವಾಗುವಾಗ, ಪಂಚ್ ಮಾಡಿದ ಮೇಲೆ, ಅಂದರೆ ಸಂಬಳದ ಹೊತ್ತಿನಲ್ಲೇ ಮಾಡಿ. ಟೀ ಬ್ರೇಕ್ ಕಿತ್ತುಕೊಂಡು ಮಾತ್ರ ಮಾಡಬೇಡಿ. ಹಾಜರಿ ತೆಗೆಯಬೇಡಿ, ಬೇಡ ಅಂದವರು ಸುಮ್ನೆ ಕೂತಿರಲಿ. ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು, ಇಷ್ಟೇ ಹೇಳಿಕೊಡಿ. ಉಸಿರು ಬಿಡುವಾಗ ಎದೆಬಡಿತ ತಾನಾಗಿಯೇ ಸ್ವಲ್ಪ ತಗ್ಗುತ್ತದೆ, ಅದಕ್ಕೆ ಹಿತ ಅನ್ನಿಸುತ್ತದೆ. ಮಂತ್ರ, ಗುರುಗಳ ಫೋಟೊ ಬೇಡ, ಲೈನಿನಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ. ಇಂಗ್ಲಿಷ್ ರೆಕಾರ್ಡಿಂಗ್ ಹಾಕಿ ಕೈತೊಳೆದುಕೊಳ್ಳಬೇಡಿ. ನಿಮ್ಮ ಕಡೆ ಮನೆಯಲ್ಲಿ ತೆಲುಗು ಆಡುವವರು ಎಷ್ಟು ಜನ ಅಂತ ನಿಮಗೇ ಗೊತ್ತು, ಕನ್ನಡದಲ್ಲೂ ತೆಲುಗಿನಲ್ಲೂ ಹೇಳಲಿ. ರಾತ್ರಿ ಶಿಫ್ಟಿನವರು ಕಣ್ಣು ಮುಚ್ಚಿದರೆ ನಿದ್ದೆಗೆ ಜಾರುತ್ತಾರೆ. ಅವರಿಗೆ ಧ್ಯಾನಕ್ಕಿಂತ ಬ್ರೇಕಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಮಲಗಲು ಒಂದು ಜಾಗ ಮುಖ್ಯ.

ಇನ್ನು ಕೆಲಸ ಬಿಡುವವರ ವಿಷಯ. ಧ್ಯಾನದಿಂದ ಅದು ನಿಲ್ಲುತ್ತದೆ ಅಂತ ಮೇಲಿನವರಿಗೆ ಮಾತು ಕೊಡಬೇಡಿ. ಬಿಟ್ಟವರ ಪಟ್ಟಿಯನ್ನು ಲೈನ್‌ವಾರು ಹಾಕಿ ನೋಡಿ. ಒಬ್ಬರೇ ಸೂಪರ್‌ವೈಸರ್ ಕೈಕೆಳಗೆ ಜಾಸ್ತಿ ಜನ ಬಿಟ್ಟಿದ್ದರೆ ಅಲ್ಲಿಂದಲೇ ಕೇಳಲು ಶುರು ಮಾಡಿ. ಟಾಯ್ಲೆಟ್‌ಗೆ ಹೋಗಲು ರಿಲೀವರ್, ಅಂದರೆ ಅಷ್ಟು ಹೊತ್ತು ಜಾಗದಲ್ಲಿ ನಿಲ್ಲುವವರು, ಸಿಗುತ್ತಾರಾ? ರಜೆ ಕೇಳಿದರೆ ಬೈಗುಳ ತಿನ್ನಬೇಕಾ? ಶಿಫ್ಟ್ ಬದಲಾವಣೆ ಎಷ್ಟು ದಿನ ಮೊದಲು ಗೊತ್ತಾಗುತ್ತದೆ? ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ತಿರುಗುವ ಶಿಫ್ಟಿಗೆ ದೇಹ ಸುಲಭವಾಗಿ ಹೊಂದಿಕೊಳ್ಳುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಷ್ಟ. ಇದನ್ನು ಸರಿಮಾಡಲು ದುಡ್ಡೂ ಬೇಡ. ಸೂಪರ್‌ವೈಸರ್‌ಗಳಿಗೂ ಮೇಲಿನಿಂದ ಟಾರ್ಗೆಟ್ ಕಾಟ ಇರುತ್ತದೆ. ಉಸಿರಾಟದ ಅಭ್ಯಾಸ ಮೊದಲು ಅವರಿಗೇ ಮಾಡಿಸಿ, ಕೂಗಾಟ ಕಡಿಮೆಯಾದರೂ ಆದೀತು.

ಪ್ರಶ್ನೆ: ಮಾಲೂರಿನ ಕಂಪನಿಯೊಂದರಲ್ಲಿ ಇದ್ದೇನೆ. ಧ್ಯಾನಕ್ಕೆ ಕಣ್ಣು ಮುಚ್ಚಿದ ಕೂಡಲೇ ಎದೆ ಡವಡವ ಅನ್ನುತ್ತದೆ, ಹಳೆಯದೆಲ್ಲ ನೆನಪಾಗಿ ಅಳು ಬರುತ್ತದೆ. ಉಳಿದವರು ಆರಾಮಾಗಿ ಇರುತ್ತಾರೆ. ನನಗೇನಾದರೂ ತೊಂದರೆಯಾ?

ಉತ್ತರ: ಹೀಗೆ ಕೆಲವರಿಗೆ ಆಗುತ್ತದಮ್ಮ, ನೀವೊಬ್ಬರೇ ಅಲ್ಲ. ಹಿಂದೆ ತುಂಬ ನೋವು, ಭಯ ಕಂಡವರಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂರುವುದೇ ಕಷ್ಟ. ಬಲವಂತವಾಗಿ ಮುಂದುವರಿಸಬೇಡಿ. ಕಣ್ಣು ತೆರೆದೇ ಇರಿ, ಪಾದ ನೆಲಕ್ಕೆ ಒತ್ತಿ, ಎದುರಿಗೆ ಕಾಣುವ ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿಕೊಳ್ಳಿ. ಅದೂ ಆಗದಿದ್ದರೆ ಎದ್ದು ಹೊರಗೆ ನಡೆದಾಡಿ. ಕಾರಣ ಕೇಳಿದರೆ ಆಗುವುದಿಲ್ಲ ಅಂತಷ್ಟೇ ಹೇಳಿ, ನಿಮ್ಮ ಕಥೆಯನ್ನೆಲ್ಲ ಎಚ್‌.ಆರ್‌.ಗೆ ಒಪ್ಪಿಸಬೇಕಿಲ್ಲ. ನಿದ್ದೆ ಕೆಟ್ಟಿದ್ದರೆ, ಅಳು ಮನೆಯಲ್ಲೂ ಮುಂದುವರಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎದುರಿಗೆ ಕೂತು ಮಾತಾಡಬೇಕು ಅನ್ನಿಸಿದರೆ ವಾರದ ರಜೆ ದಿನ ನೋಡಿಕೊಂಡು ಕೋಲಾರದ ಜಿಲ್ಲಾ ಆಸ್ಪತ್ರೆಗೆ ಹೋಗಿ ಮಾನಸಿಕ ವಿಭಾಗ ಎಲ್ಲಿ ಅಂತ ಕೇಳಿ, ಜೊತೆಗೆ ನಂಬಿಕೆಯವರು ಒಬ್ಬರಿರಲಿ.